ವಾಪಸು ಕೊಟ್ಟ ಕ್ಯಾಸೆಟ್

ನನಗೆ ಕ್ಯಾಸೆಟ್ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ತಟ್ಟೆಯಷ್ಟಗಲದ ರೆಕಾರ್ಡು ಮಾರಿ ಬದುಕಿದವನು ನಾನು. ಎಪ್ಪತ್ತರ ದಶಕ ಮುಗಿಯುವುದರೊಳಗೆ ಈ ಪ್ಲಾಸ್ಟಿಕ್ ಡಬ್ಬಿ ಬಂದು ನನ್ನ ವ್ಯಾಪಾರವನ್ನು ಗುಡಿಸಿ ಹಾಕಿತು. ರೆಕಾರ್ಡನ್ನು ಮನೆಯಲ್ಲಿ ಕೂತು ತಿದ್ದಲು ಯಾರಿಂದಲೂ ಆಗುತ್ತಿರಲಿಲ್ಲ. ಕ್ಯಾಸೆಟ್ಟಿಗೆ ಆ ಮರ್ಯಾದೆ ಇಲ್ಲ. ಯಾರು ಬೇಕಾದರೂ ಅಳಿಸಬಹುದು, ಯಾರು ಬೇಕಾದರೂ ತುಂಬಬಹುದು. ಆದರೆ ಹೊಟ್ಟೆ ಕೇಳಬೇಕಲ್ಲ! ಠಾಣೆ ಪಟ್ಟಣದ ರೈಲು ಸ್ಟೇಷನ್ನಿನ ಹತ್ತಿರದ ನನ್ನ ಅಂಗಡಿಯಲ್ಲಿ ನಾನೂ ಹಾಡು ತುಂಬಿಕೊಡಲು ಕೂತೆ.

ಪಕ್ಕದ ಕಳವಾ ಊರಿನ ಶರಣಬಸಮ್ಮ ನನ್ನಲ್ಲಿಗೆ ಬರುತ್ತಿದ್ದುದು ಹಾಡಿಗಲ್ಲ. ಅವಳ ಗಂಡ ಬಾಲಪ್ಪ ಗಲ್ಫಿನಲ್ಲಿ ಗಾರೆ ಕೆಲಸಕ್ಕಿದ್ದ. ಇಬ್ಬರಿಗೂ ಓದು ಬರಹ ಇಲ್ಲ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅವನು ಮಾತಾಡಿ ಕಳಿಸುತ್ತಿದ್ದ. ಇನ್ನೊಂದು ಮಗ್ಗುಲಿಗೆ ಇವಳು ಮಾತಾಡಿ ಅದನ್ನೇ ವಾಪಸು ಕೊಡುತ್ತಿದ್ದಳು. ಇರುವುದನ್ನು ಬಿಟ್ಟು ಹೊಸದು ಯಾಕೆ ದಂಡ ಎನ್ನುವವರು ಅವರು. ಒಯ್ಯುವವನೂ ತರುವವನೂ ಬಾಲಪ್ಪನನ್ನು ಅಲ್ಲಿಗೆ ಕಳಿಸಿದ ಏಜೆಂಟ್ ರಘುಪತಿಯೇ.

ಆ ದಿನ ಮಧ್ಯಾಹ್ನ ಅವಳ ಜೊತೆ ಮೈದುನ ಮಾಪಣ್ಣನೂ ಬಂದ. ಹೊಸ ಪ್ಯಾಂಟು, ಹೊಸ ಸೂಟ್‌ಕೇಸು. ಸಂಜೆ ರಘುಪತಿಯ ಜೊತೆ ವಿಮಾನ ಹತ್ತುವವನಿದ್ದ. ಅಣ್ಣನೇ ಕರೆದಿದ್ದಾನೆ ಎಂದು ಹೇಳಿ, ಸಾಕ್ಷಿಗೆ ಈ ಕ್ಯಾಸೆಟ್ ಕೊಟ್ಟು, ರಘುಪತಿ ಪಕ್ಕದ ಉಡುಪಿ ಹೋಟೆಲಿಗೆ ಚಾ ಕುಡಿಯಲು ಹೋಗಿದ್ದ.

ಕ್ಯಾಸೆಟ್ ಹಾಕಿದೆ. ಟೇಪಿನೊಳಗೆ ಟಕ್ ಎಂದಿತು, ಹಿಂದೆಯೇ ಇನ್ನೊಂದು ಟಕ್. ನನ್ನ ಕಿವಿ ನೆಟ್ಟಗಾಯಿತು. ರೆಕಾರ್ಡ್ ಗುಂಡಿ ಅದುಮಿದ ಸದ್ದು ಟೇಪಿನಲ್ಲಿ ಒಮ್ಮೆ ಉಳಿಯುತ್ತದೆ, ಎರಡು ಸಲ ಕೇಳಿಸಿದರೆ ಅದು ನಕಲು. ಜೊತೆಗೆ ಬಾಣಲೆಯಲ್ಲಿ ಎಣ್ಣೆ ಕಾದ ಹಾಗೆ ಸುಯ್ಯೆನ್ನುವ ಸದ್ದು ಬೇರೆ.

ಬಾಲಪ್ಪ ಎಂದಿನಂತೆ ಶುರು ಮಾಡಿದ. ಅವರ ಕಡೆ ಹಿರಿಯರಿಂದ ಹಿಡಿದು ಒಬ್ಬೊಬ್ಬರನ್ನೂ ವಿಚಾರಿಸದೆ ಬೇರೆ ಮಾತಿಲ್ಲ.

"ಅವ್ವ ಹ್ಯಾಂಗದಾಳ? ಮಣಕಾಲ ನೋವು ಕಡಿಮಿ ಆಗ್ಯಾದೇನು? ಚಂದ್ರಬಾಯಿ ಅತ್ತಿ ಆರಾಮ ಅದಾಳೇನು?"

ಶರಣಬಸಮ್ಮ ನನ್ನ ಮುಖ ನೋಡಿದಳು. ಬಾಲಪ್ಪನ ತಾಯಿ ಮರಗಮ್ಮ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಆ ಸುದ್ದಿ ಕೇಳಿ ಅವನು ಬಿಕ್ಕಿ ಬಿಕ್ಕಿ ಅತ್ತ ಕ್ಯಾಸೆಟ್ ಹಾಕಿ ಕೇಳಿಸಿದವನೂ ನಾನೇ. ಆಮೇಲೆ ಅವನಿಂದ ಬಂದದ್ದು ಇದೇ ಮೊದಲು.

"ರೂಢಿ ಮ್ಯಾಲ ಕೇಳಿರ್ತಾನ ವೈನಿ," ಎಂದ ಮಾಪಣ್ಣ. ಆ ಮಾತು ಅವನಿಗೇ ನಂಬಿಕೆಯಾದಂತೆ ಕಾಣಲಿಲ್ಲ.

"ಸತ್ತ ಅವ್ವನ ಮಣಕಾಲ ನೋವು ಯಾರರೆ ಕೇಳ್ತಾರೇನೋ?"

ನಾನು ಇದ್ದದ್ದನ್ನು ಹೇಳಿದೆ. "ಇದು ಹಳೇದರ ನಕಲಮ್ಮ. ನೀವು ವಾಪಸು ಕೊಟ್ಟದ್ದರಲ್ಲಿ ಒಂದನ್ನು ರಘುಪತಿ ಇಟ್ಟುಕೊಂಡಿದ್ದಾನೆ. ಅದರಿಂದ ತೆಗೆದದ್ದು ಇದು."

ಹೇಳುವಾಗ ನನಗೇ ಹೆದರಿಕೆಯಾಯಿತು. ಉಳಿತಾಯವೆಂದು ಮಾಡಿದ್ದು ಬಾಲಪ್ಪನ ದನಿಯನ್ನೇ ಆ ಮನುಷ್ಯನ ಕೈಗೆ ಕೊಟ್ಟಿತ್ತು. ಟೇಪು ಓಡುತ್ತಲೇ ಇತ್ತು: "ನಾ ಆರಾಮ ಅದೀನಿ. ರಘುಪತಿ ಶೇಟ್ ಹೇಳ್ದಂಗ ಕೇಳ್ರಿ."

ರಘುಪತಿ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದ. "ಕೇಳಿದ್ರಾ? ಚಲೋ ಮಾಪಣ್ಣ, ಟೈಮ್ ಆಯ್ತು. ಅಕ್ಕಾ, ನೀವು ಆ ಮಗ್ಗುಲಿಗೆ ಜಲ್ದಿ ಮಾತಾಡಿ. ಕಿಟ್ಟಣ್ಣ, ರೆಕಾರ್ಡಿಗೆ ಹಾಕಿ."

ಏನು ಮಾಡಬೇಕೆಂದು ತೋಚದೆ ನಾನು ಕ್ಯಾಸೆಟ್ ತಿರುಗಿಸಿ ಹಾಕಿ ಮೈಕನ್ನು ಮುಂದಿಟ್ಟೆ. ಶರಣಬಸಮ್ಮ ಅದರ ಮೇಲೆ ಅಂಗೈ ಒತ್ತಿ ಹಿಡಿದಳು.

"ನನ್ನ ದನಿ ನಿಮ್ಮ ಕೈಯಾಗ ಕೊಡಂಗಿಲ್ಲ."

"ಮತ್ತೆ ಬಾಲಪ್ಪನಿಗೆ ಸುದ್ದಿ ಹೇಗೆ ಮುಟ್ಟಬೇಕು ಅಕ್ಕಾ?" ಅವನು ನಗುತ್ತಲೇ ಕೇಳಿದ.

"ಅವರು ಎಲ್ಲಿ ಅದಾರ, ಮೊದಲ ಅದು ಹೇಳ್ರಿ."

ರಘುಪತಿಯ ನಗು ನಿಂತಿತು. ಮಾಪಣ್ಣ ಎದ್ದು ಬಾಗಿಲಿಗೆ ಅಡ್ಡ ನಿಂತ. "ನಮ್ಮಣ್ಣ ಅದಾನೋ ಇಲ್ಲೋ? ಅಷ್ಟು ಹೇಳಿ ಹೋಗ್ರಿ."

ರಘುಪತಿ ಅವನ ಕಡೆ ನೋಡಲಿಲ್ಲ. ನನ್ನ ಮುಂದೆ ಕೈ ಚಾಚಿ, "ಕ್ಯಾಸೆಟ್ ಕೊಡಿ," ಎಂದ. ಅವನು ಕೇಳಿದ್ದು ಅದೊಂದನ್ನೇ.

ಗಂಡ ಉಳಿದಿಲ್ಲವೆಂದು ತಿಳಿಯಲು ಶರಣಬಸಮ್ಮನಿಗೆ ಅಷ್ಟು ಸಾಕಾಯಿತು. ಬೆಂಚಿನ ಮೇಲೆ ಕುಸಿದು, "ಬಾಲಪ್ಪಾ" ಎಂದು ಕೂಗಿ ಅಳತೊಡಗಿದಳು. ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.