ಇಳಿದ ರೆಪ್ಪೆ

ಭಾನುವಾರ ಬೆಳಗಿನ ಎಂಟು ಗಂಟೆಗೆ ಆ ಕ್ಷೌರದಂಗಡಿಯ ಮೂಲೆಯ ಕುರ್ಚಿ ಗ್ರಂಥಪಾಲಕರಿಗೇ ಮೀಸಲು. ಬಹುಕಾಲದಿಂದ ಏಕಾಕಿಯಾಗಿ ಬಾಳುತ್ತಿದ್ದ ಅವರಿಗೆ ಮನುಷ್ಯಸ್ಪರ್ಶವೆಂಬುದು ದೊರೆಯುತ್ತಿದ್ದುದು ವಾರಕ್ಕೊಮ್ಮೆ, ಇಲ್ಲಿ ಮಾತ್ರ. ಕೆಲಸ ಮುಗಿದೊಡನೆ ಕ್ಷೌರಿಕ ಗದ್ದವನ್ನೂ ನೆತ್ತಿಯನ್ನೂ ಹಿಡಿದು ಕತ್ತನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಲಟಕ್ಕೆಂದು ತಿರುವುತ್ತಿದ್ದ. ತಂದೆಯಿಂದ ಕಲಿತ ಆ ಕೈಚಳಕವಾಗದೆ ಯಾವ ಗಿರಾಕಿಯೂ ಏಳುತ್ತಿರಲಿಲ್ಲ.

ಅಂದು ಗ್ರಂಥಪಾಲಕರೇ ಕ್ಷೌರಕ್ಕೂ ಮೊದಲು ಅದನ್ನು ಬೇಡಿದರು. ನಾಲ್ಕು ದಿನಗಳ ಹಿಂದೆ, ಕೆಳಸಾಲಿನ ಪುಸ್ತಕವೊಂದನ್ನು ಹೆಕ್ಕಿ ಮೇಲೇಳುವಾಗ ಕಬ್ಬಿಣದ ಕಪಾಟಿನ ಅಂಚು ತಲೆಗೆ ಬಡಿದಿತ್ತು. ರಕ್ತ ಬರಲಿಲ್ಲ, ಬಾವೂ ಏಳಲಿಲ್ಲ. ಮನೆಯಲ್ಲಿ ಕೇಳುವವರಿಲ್ಲದುದರಿಂದ ಅದು ಹೇಳತಕ್ಕ ಸಂಗತಿಯೆಂದೂ ತೋರಲಿಲ್ಲ. ಎರಡು ದಿನಗಳಿಂದ ಎಡಗತ್ತಿನಲ್ಲಿ ಹಿಂದೆಂದೂ ಕಾಣದ ನೋವು. ಎಡಗಣ್ಣಿನ ಹಿಂದೆಯೂ ಅದೇ.

“ಕತ್ತು ಹಿಡ್ಕೊಂಡಿದೆ ಕಣಯ್ಯ. ಇವತ್ತು ಸ್ವಲ್ಪ ಜೋರಾಗೇ ತಿರುವು.”

ಕೈಗಳು ಗದ್ದಕ್ಕೆ ಬಂದು, ನಿಂತವು. ವೈದ್ಯಶಾಸ್ತ್ರವನ್ನು ಕ್ಷೌರಿಕ ಅರಿಯ, ಆದರೆ ಈ ಮುಖವನ್ನು ಬಲ್ಲ. ಎಡರೆಪ್ಪೆ ಅರ್ಧ ಇಳಿದಿತ್ತು. ಆ ಕಣ್ಣಿನ ಪಾಪೆಯೂ ಇನ್ನೊಂದಕ್ಕಿಂತ ಕಿರಿದಾಗಿತ್ತು.

“ಯಜಮಾನ್ರೇ, ಈ ಕಣ್ಣು ಯಾವಾಗಿಂದ ಹೀಗಿದೆ?”

“ಹೇಗಿದೆ? ನನ್ ಮುಖ ನೋಡಿ ಹೇಳೋಕೆ ಮನೇಲಿ ಯಾರಿದಾರೆ? ನಿದ್ದೆ ಸಾಲ್ದೇನೋ. ತಿರುವಯ್ಯ ಸುಮ್ನೆ.”

ಕ್ಷೌರಿಕ ಕೈ ಹಿಂದೆಗೆದ. ಕೇಳಿ ಕೇಳಿ ಪೆಟ್ಟಿನ ಸಂಗತಿಯನ್ನು ಹೊರಡಿಸಿದ. ಇಷ್ಟಕ್ಕೆಲ್ಲ ಆಸ್ಪತ್ರೆಯೇ ಎಂದು ಅವರು ಮುನಿದರು. ಸರದಿಗೆ ಕಾದಿದ್ದ ಬಸ್ ಚಾಲಕ, ಕತ್ತು ತಿರುವೋಕೂ ಡಾಕ್ಟರ ಚೀಟಿ ಬೇಕೇನಪ್ಪ ಎಂದು ಛೇಡಿಸಿದ. ಕ್ಷೌರಿಕ ಅಂಗಡಿಯ ಬಾಗಿಲೆಳೆದು, ಗ್ರಂಥಪಾಲಕರ ತೋಳು ಹಿಡಿದು ಆಸ್ಪತ್ರೆಗೆ ನಡೆದ.

ಸ್ಕ್ಯಾನ್ ನೋಡಿದ ವೈದ್ಯೆ ನಿಧಾನವಾಗಿ ವಿವರಿಸಿದರು: ಕತ್ತಿನ ರಕ್ತನಾಳದ ಒಳಪದರ ಹರಿದಿದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಸರಿದರೆ ಪಾರ್ಶ್ವವಾಯು. ಪೆಟ್ಟು ಅಲ್ಪವೇ ಇರಲಿ, ಅನಂತರ ಹೊಸದಾಗಿ ಕತ್ತು ನೋಯತೊಡಗಿ ರೆಪ್ಪೆ ಇಳಿದರೆ ಒಂದು ಗಳಿಗೆಯೂ ಕಾಯಕೂಡದು.

“ಪುಣ್ಯಕ್ಕೆ ಯಾರೂ ಕತ್ತು ತಿರುವಿಲ್ಲ. ಒಮ್ಮೊಮ್ಮೆ ಬರೀ ಅದರಿಂದ್ಲೇ ಹರಿದುಬಿಡುತ್ತೆ.”

ಕ್ಷೌರಿಕ ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

ಮರುದಿನ ಬಸ್ ಚಾಲಕ ಕ್ಷೌರ ಮುಗಿದ ಮೇಲೆ ರೂಢಿಯಂತೆ ಕತ್ತು ಸಡಿಲಬಿಟ್ಟು ಕಾದ.

“ಇನ್ಮೇಲೆ ಅದಿಲ್ಲ ಅಣ್ಣ,” ಎಂದ ಕ್ಷೌರಿಕ. ಹಾಗಿದ್ದರೆ ಎದುರಂಗಡಿಯೇ ವಾಸಿ ಎಂದು ಆತ ಎದ್ದು ಹೋದಾಗಲೂ ತಡೆಯಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಗ್ರಂಥಪಾಲಕರು ಒಬ್ಬರೇ ಮಲಗಿದ್ದರು. ರಕ್ತ ಹೆಪ್ಪುಗಟ್ಟದಿರಲು ಔಷಧ ನಡೆದಿದ್ದುದರಿಂದ ಕ್ಷೌರದ ಕತ್ತಿ ತಾಗಿಸುವಂತಿರಲಿಲ್ಲ.

“ಗಡ್ಡ ಬೇಡ ಅಂದಿದಾರಲ್ಲ. ಮತ್ಯಾಕಯ್ಯ ಅಂಗಡಿ ಬಿಟ್ಟು ಬಂದೆ?”

ಕ್ಷೌರಿಕ ಜೇಬಿನಿಂದ ಬಾಚಣಿಗೆ ತೆಗೆದು, ಕತ್ತು ಅಲುಗದಂತೆ ಅವರ ತಲೆಯನ್ನು ಅಂಗೈಯಲ್ಲಿ ಆಧರಿಸಿ, ನರೆಗೂದಲನ್ನು ಮೆಲ್ಲಮೆಲ್ಲನೆ ಬಾಚತೊಡಗಿದ.