ಕನ್ನಡಕ ಸಿಗುವವರೆಗೆ ವಿಮಾನ ಏಳಲಿಲ್ಲ

ನಲವತ್ತು ದಾಟಿದವರ ಕಣ್ಣಿಗೆ ಚಾಳೀಸು ಬರುತ್ತದೆ. ಸೂಜಿಗೆ ದಾರ ಪೋಣಿಸುವಾಗ, ಮಾತ್ರೆಯ ಮೇಲಿನ ಸಣ್ಣ ಅಕ್ಷರ ಓದುವಾಗ ಕೈಯನ್ನು ದೂರ ದೂರ ಚಾಚುತ್ತೇವೆ. ಕೊನೆಗೆ ಕೈಯ ಉದ್ದವೇ ಸಾಲುವುದಿಲ್ಲ. ಇದು ಎಲ್ಲರ ಮನೆಯಲ್ಲೂ ಇರುವುದೇ. ಆದರೂ ಬಾಯಿಬಿಟ್ಟು ಹೇಳಿಕೊಳ್ಳಲು ಜನರಿಗೆ ನಾಚಿಕೆ, ಕೆಲವರಿಗೆ ಹೆದರಿಕೆ. ನನ್ನ ಮಗನಿಗೆ ನಲವತ್ತಕ್ಕೆ ಮುಂಚೆಯೇ ಚಾಳೀಸು ಬಂತು, ಹೆದರಿಕೆಯೂ ಬಂತು.

ನಾನು ಬಟ್ಟೆ ಹೊಲಿಯುವವಳು. ಮಗ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್. ವಿಮಾನ ಹಾರುವ ಮುನ್ನ ಅದರ ಹೊಟ್ಟೆಯ ಮುಚ್ಚಳ ಬಿಚ್ಚಿ, ಒಳಗೆ ತೂರಿ, ತಂತಿ, ಕೊಳವೆ, ಬೋಲ್ಟು ಎಲ್ಲವನ್ನೂ ನೋಡಿ ಮತ್ತೆ ಮುಚ್ಚುವುದು ಅವನ ಕೆಲಸ. ಎಷ್ಟು ಸೋಪು ಉಜ್ಜಿದರೂ ಅವನ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಅದಕ್ಕೇ ನಮ್ಮ ಅಳಿಯಂದಿರು ಅವನನ್ನು ಎಣ್ಣೆಕೈ ಎಂದು ಕರೆಯುತ್ತಾರೆ. ಅಳಿಯಂದಿರು ಬಸ್ ಡ್ರೈವರ್. ಇಬ್ಬರೂ ಸೇರಿದರೆ ಮಾತಿನಲ್ಲೇ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ.

ಆ ದಿನ ಅಳಿಯಂದಿರು ಮೊಮ್ಮಗಳ ಜೊತೆ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದರು. ದೂರದ ಊರಿನಲ್ಲಿದ್ದ ಮಗಳಿಗೆ ದಿನ ತುಂಬಿತ್ತು. ನೋಡಿಕೊಳ್ಳಲು ನಾನು ಹೋಗಬೇಕಿತ್ತು. ಮಧ್ಯಾಹ್ನದ ವಿಮಾನ. ಹುಟ್ಟಿದ ಮೇಲೆ ನಾನು ವಿಮಾನ ಹತ್ತಿದವಳಲ್ಲ. ಬೆಳಗ್ಗೆಯಿಂದ ಚೀಲ ಬಿಚ್ಚಿ ಮತ್ತೆ ಮತ್ತೆ ಕಟ್ಟುತ್ತಿದ್ದೆ.

"ಹೆದರಬೇಡಮ್ಮ, ನಿಮ್ಮ ವಿಮಾನ ನೋಡೋನು ಇವತ್ತು ನಾನೇ" ಎಂದು ಹೇಳಿ ಮಗ ಕತ್ತಲಿರುವಾಗಲೇ ಕೆಲಸಕ್ಕೆ ಹೋಗಿದ್ದ. ಪಾಳಿ ಮುಗಿಸಿ ನಮ್ಮ ಜೊತೆ ಊಟಕ್ಕೆ ಬಂದ.

"ಏನೋ ಎಣ್ಣೆಕೈ, ನಮ್ಮ ಗಾಡಿಗೆ ಗಾಳಿ ಹೊಡೆದ್ಯಾ?" ಎಂದರು ಅಳಿಯಂದಿರು.

"ಹೊಡೆದೆ ಭಾವ. ನಿಮ್ಮ ಬಸ್ಸಿನ ಥರ ಅಲ್ಲ ಇದು. ಹಾರನ್ ಒಂದು ಬಿಟ್ಟು ಬೇರೆಯದೂ ಕೆಲಸ ಮಾಡತ್ತೆ."

ಎಲ್ಲರೂ ನಕ್ಕೆವು. ನನಗೂ ಸ್ವಲ್ಪ ಧೈರ್ಯ ಬಂತು. ಹೊಟ್ಟೆ ತೊಳಸದಿರಲಿ ಎಂದು ಔಷಧಿ ಅಂಗಡಿಯವರು ಕೊಟ್ಟಿದ್ದ ಮಾತ್ರೆಯನ್ನು ಮಗನ ಕೈಗೆ ಕೊಟ್ಟೆ. "ಇದನ್ನ ಊಟಕ್ಕೆ ಮುಂಚೆ ತಗೋಬೇಕೋ ಆಮೇಲೋ, ನೋಡಿ ಹೇಳಪ್ಪ" ಎಂದೆ.

ಅವನು ಮಾತ್ರೆಯನ್ನು ದೂರ ಹಿಡಿದ. ಇನ್ನೂ ದೂರ ಹಿಡಿದ. ಎಡಗೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಆಮೇಲೆ ಪ್ಯಾಂಟಿನ ಜೇಬಿಗೆ. ತಟ್ಟೆ ಬಿಟ್ಟು ಎದ್ದು, ಚೀಲವನ್ನು ನೆಲದ ಮೇಲೆ ಸುರಿದ. ಹೊರಗೆ ಹೋಗಿ ತನ್ನ ಸ್ಕೂಟರಿನ ಡಬ್ಬ ತೆಗೆದು ನೋಡಿದ. ವಾಪಸ್ ಬಂದಾಗ ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

"ಏನಾಯ್ತೋ?" ಎಂದೆ.

"ಕನ್ನಡಕ..."

"ನಿನಗೆ ಯಾವಾಗ ಬಂತೋ ಕನ್ನಡಕ?"

ಅವನು ಬಾಗಿಲಿಗೆ ಒರಗಿ ನಿಂತು ಹೇಳಿದ. ಕೆಲವು ತಿಂಗಳಿಂದ ಹತ್ತಿರದ್ದು ಮಸುಕಾಗಿ ಕಾಣುತ್ತಿತ್ತಂತೆ. ಹೇಳಿದರೆ ವಿಮಾನದ ಹತ್ತಿರಕ್ಕೂ ಬಿಡದೆ ಎಲ್ಲೋ ಮೂಲೆಗೆ ಹಾಕುತ್ತಾರೆ ಎಂದು ಹೆದರಿ, ರಸ್ತೆ ಬದಿಯಲ್ಲಿ ಒಂದು ಕನ್ನಡಕ ಕೊಂಡಿದ್ದನಂತೆ. ಅದನ್ನು ಅಂಗಿ ತೋಳಿನ ಮಡಿಕೆಯಲ್ಲಿಟ್ಟುಕೊಂಡು, ವಿಮಾನದ ಹೊಟ್ಟೆಯೊಳಗೆ ಯಾರೂ ಕಾಣದ ಕಡೆ ಮಾತ್ರ ಹಾಕಿಕೊಳ್ಳುತ್ತಿದ್ದನಂತೆ.

ಅವರ ಕೆಲಸದ ರೀತಿ ನಿಮಗೆ ಹೇಳಬೇಕು. ಸ್ಪ್ಯಾನರು, ಸ್ಕ್ರೂಡ್ರೈವರು ಇಡುವ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಅದರದೇ ಆಕಾರದ ಗುಳಿ ಇರುತ್ತದೆ. ಕೆಲಸ ಮುಗಿದ ಮೇಲೆ ಒಂದು ಗುಳಿ ಖಾಲಿ ಕಂಡರೂ ವಿಮಾನದ ಮುಚ್ಚಳ ಹಾಕುವ ಹಾಗಿಲ್ಲ. ಜೇಬಿನಲ್ಲಿ ಪೆನ್ನು, ಚಿಲ್ಲರೆ, ಬಾಚಣಿಗೆ ಏನೂ ಇರಕೂಡದು. ಆ ದಿನವೂ ಎಲ್ಲ ಗುಳಿಗಳು ತುಂಬಿದ್ದವು. ಆದರೆ ಕನ್ನಡಕಕ್ಕೆ ಗುಳಿಯೇ ಇರಲಿಲ್ಲ. ಬಚ್ಚಿಟ್ಟದ್ದನ್ನು ಯಾರು ಎಣಿಸುತ್ತಾರೆ?

"ಬೆವರು ಒರೆಸೋಕೆ ತೆಗೆದಿಟ್ಟೆ. ಅಷ್ಟರಲ್ಲಿ ಯಾರೋ ಕರೆದ್ರು. ಆಮೇಲೆ ಕೈಗೆ ತಗೊಂಡ ನೆನಪೇ ಇಲ್ಲಮ್ಮ."

ಅಳಿಯಂದಿರು ಉಸಿರು ಬಿಟ್ಟರು. "ಅಯ್ಯೋ, ಇಷ್ಟೇನಾ? ನಾನೇನೋ ಅಂದ್ಕೊಂಡೆ. ಆನೆ ಹೊಟ್ಟೇಲಿ ಸಾಸಿವೆ ಕಾಳು. ಅಷ್ಟು ದೊಡ್ಡ ವಿಮಾನಕ್ಕೆ ಒಂದು ಕನ್ನಡಕ ಭಾರವಾ?"

"ಭಾರದ ಮಾತಲ್ಲ ಭಾವ. ನಾನು ಇಟ್ಟ ಜಾಗದ ಪಕ್ಕದಲ್ಲೇ ಬಾಲದ ರೆಕ್ಕೆ ತಿರುಗಿಸೋ ತಂತಿ ಹೋಗತ್ತೆ, ಸಣ್ಣ ರಾಟೆ ಮೇಲೆ. ವಿಮಾನ ಮೂತಿ ಎತ್ತಿದ ಕೂಡಲೇ ಕನ್ನಡಕ ಜಾರತ್ತೆ. ರಾಟೆಗೆ ಸಿಕ್ಕಿಕೊಂಡ್ರೆ ತಂತಿ ಓಡಲ್ಲ. ನಿಮ್ಮ ಬಸ್ಸಿನ ಸ್ಟೇರಿಂಗ್ ಬಿಗಿದುಕೊಂಡ್ರೆ ಏನ್ಮಾಡ್ತೀರಿ?"

"ಪಕ್ಕಕ್ಕೆ ಹಾಕ್ತೀನಿ."

"ಅಲ್ಲಿ ಮೇಲೆ ಪಕ್ಕ ಅನ್ನೋದು ಎಲ್ಲಿದೆ ಭಾವ?"

ಆದರೆ ಅಳಿಯಂದಿರ ಹೆದರಿಕೆ ಬೇರೆಯೇ ಇತ್ತು. ದನಿ ತಗ್ಗಿಸಿ ಹೇಳಿದರು. "ನೋಡು, ನಿನ್ನ ಅಕ್ಕ ಅಲ್ಲಿ ಒಬ್ಬಳೇ ಇದ್ದಾಳೆ. ನೀನು ಫೋನ್ ಮಾಡಿದ್ರೆ ವಿಮಾನ ನಿಲ್ಲಿಸ್ತಾರೆ. ನಿನ್ನ ಕೆಲಸಾನೂ ಹೋಗತ್ತೆ. ಕನ್ನಡಕ ದಾರೀಲೆಲ್ಲೋ ಬಿದ್ದಿರತ್ತೆ ಕಣೋ. ಸುಮ್ನಿರು."

ದಾರಿಯಲ್ಲಿ ಬಿದ್ದಿರಲಿ ಎಂದು ನನಗೂ ಆಸೆಯಾಯಿತು. ಮಗನೂ ಹಾಗೇ ಅಂದುಕೊಳ್ಳಲು ನೋಡುತ್ತಿದ್ದ. ಫೋನು ಅವನ ಕೈಯಲ್ಲಿತ್ತು. ಬೆರಳು ಆಡುತ್ತಿರಲಿಲ್ಲ. ಮೊಮ್ಮಗಳು ಅವನನ್ನೂ ಅಪ್ಪನನ್ನೂ ಮಿಕಿಮಿಕಿ ನೋಡುತ್ತಿದ್ದಳು.

"ಹೊಲಿಯುವಾಗ ಸೂಜಿ ಮುರಿದ್ರೆ ನಾನೇನು ಮಾಡ್ತೀನಪ್ಪ?" ಎಂದು ಅವನನ್ನು ಕೇಳಿದೆ.

"ತುದಿ ಸಿಗೋವರೆಗೂ ಬಟ್ಟೆ ಕೊಡಲ್ಲ."

"ತುದಿ ಬಟ್ಟೆಯೊಳಗೇ ಇದೆ ಅಂತ ನನಗೆ ಗೊತ್ತಿರತ್ತಾ?"

"ಇಲ್ಲ."

"ಗೊತ್ತಿಲ್ಲ ಅಂತಲೇ ಕೊಡಲ್ಲ. ಅದನ್ನ ಹಾಕ್ಕೊಳ್ಳೋ ಮೈ ಯಾರದ್ದಾದ್ರೂ ಇರಬಹುದು."

ಅವನು ಫೋನ್ ಒತ್ತಿದ. ಆ ಕಡೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ಆಗಲೂ ಇಲ್ಲ. ಅದೇ ಹೊತ್ತಿಗೆ ಯಾವುದೋ ವಿಮಾನ ಗುಡುಗುತ್ತಾ ನಮ್ಮ ಮನೆಯ ಮೇಲೆ ಹಾದುಹೋಯಿತು. ಪಾತ್ರೆಗಳು ಗಲಗಲ ಎಂದವು. ಅದು ನಮ್ಮದಲ್ಲ ಎಂದು ಗೊತ್ತಿದ್ದರೂ ಬಾಗಿಲಿಗೆ ಓಡಿ ತಲೆ ಎತ್ತಿ ನೋಡಿದೆ.

ಮೂರನೆಯ ಸಲ ಅವನ ಮೇಲಧಿಕಾರಿ ಫೋನ್ ಎತ್ತಿದಳು. ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ಅವಳ ಮಾತು ನಮಗೂ ಕೇಳಿಸಿತು.

"ಅಕ್ಕ, ನನ್ನ ಕನ್ನಡಕ ವಿಮಾನದೊಳಗೆ ಉಳಿದಿರಬಹುದು."

"ನೀನು ಕನ್ನಡಕ ಹಾಕ್ತೀಯಾ?"

"ಹೂಂ ಅಕ್ಕ. ಯಾರಿಗೂ ಹೇಳಿರಲಿಲ್ಲ."

"ಬೈಯೋದು ಆಮೇಲೆ ಬೈತೀನಿ. ವಿಮಾನ ಇನ್ನೂ ನೆಲದ ಮೇಲಿದೆ, ನಿಲ್ಲಿಸ್ತೀನಿ. ಎಲ್ಲಿಟ್ಟೆ ಅನ್ನೋದು ಗೊತ್ತಿರೋನು ನೀನು. ಬೇಗ ಬಾ."

ಅವನು ಗಾಡಿಯಲ್ಲಿ ಮುಂದೆ ಹೋದ. ನಾವು ಬಾಡಿಗೆ ಕಾರಿನಲ್ಲಿ ಹಿಂದೆ ಹೋದೆವು. ದಾರಿಯುದ್ದಕ್ಕೂ ಅಳಿಯಂದಿರು ಮೊಮ್ಮಗಳನ್ನು ತೊಡೆಯಿಂದ ಇಳಿಸಲಿಲ್ಲ.

ಕಾಯುವ ಕೋಣೆಯ ದೊಡ್ಡ ಗಾಜಿನಾಚೆ ನಮ್ಮ ವಿಮಾನ ನಿಂತಿತ್ತು. ಅದರ ಹೊಟ್ಟೆಯ ಮುಚ್ಚಳಗಳು ನೆಲದ ಮೇಲಿದ್ದವು. ಒಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಆ ಬೂಟಿನ ಸವೆದ ಹಿಮ್ಮಡಿ ನನಗೆ ಗೊತ್ತು.

ತಾಂತ್ರಿಕ ಕಾರಣದಿಂದ ತಡವಾಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಜನ ಗೊಣಗತೊಡಗಿದರು.

ನನಗೋ ಎರಡು ಭಯ. ಕನ್ನಡಕ ಅಲ್ಲಿ ಸಿಕ್ಕರೆ ತಪ್ಪು ನನ್ನ ಮಗನದೇ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಸಿಗದಿದ್ದರೆ ಅದು ಯಾವ ಸಂದಿಯಲ್ಲಿ ಕೂತಿದೆಯೋ! ಅಂಥ ವಿಮಾನದಲ್ಲಿ ಈ ಮಗುವನ್ನು ಹೇಗೆ ಕೂರಿಸಲಿ? ಮೊಮ್ಮಗಳ ಕೈ ಹಿಡಿದುಕೊಂಡೆ. "ಅಜ್ಜಿ, ನಿನ್ನ ಕೈ ತಣ್ಣಗಿದೆ" ಎಂದಳು.

ಅಳಿಯಂದಿರು ಮಗಳಿಗೆ ಫೋನ್ ಮಾಡಿ ವಿಷಯ ಹೇಳಿದರು. ಆಮೇಲೆ ನನ್ನ ಕೈಗೆ ಕೊಟ್ಟರು. "ಅಮ್ಮ, ನಾನು ಬೇಗ ಬನ್ನಿ ಅನ್ನಲ್ಲ. ಬನ್ನಿ ಅಂತೀನಿ, ಅಷ್ಟೇ" ಎಂದಳು ಮಗಳು.

ಅಷ್ಟರಲ್ಲಿ ನಮ್ಮ ಎದುರು ಕೂತಿದ್ದವರೊಬ್ಬರು ಎದ್ದು, ಕೌಂಟರಿನ ಹುಡುಗಿಯ ಮೇಲೆ ರೇಗಿದರು. "ನಿಮ್ಮ ಮೆಕ್ಯಾನಿಕ್ಕುಗಳಿಗೆ ನಮ್ಮ ಹೊತ್ತಿನ ಬೆಲೆ ಏನ್ರೀ ಗೊತ್ತು? ಬೆಳಗ್ಗೆಯೆಲ್ಲ ನಿದ್ದೆ ಹೊಡೆದು ಈಗ ಬಿಚ್ಚಿಕೊಂಡು ಕೂತಿದ್ದಾರೆ. ಯಾವನೋ ಕೆಲಸ ಬರದವನು. ಮೊದಲು ಅವನನ್ನ ಮನೆಗೆ ಕಳಿಸಿ!"

ಸುತ್ತಲಿದ್ದವರು ಹೌದು ಹೌದು ಎಂದರು. ನಾನು ತಲೆ ತಗ್ಗಿಸಿದೆ. ಅಳಿಯಂದಿರು ಎದ್ದು ನಿಂತರು.

"ಸ್ವಾಮಿ, ನಾನು ಬಸ್ ಓಡಿಸೋನು. ಬಸ್ ಕೆಟ್ಟು ನಿಂತಾಗ ನಿಮ್ಮಂಥವರ ಬೈಗುಳ ತಿಂದು ತಿಂದು ಹೊಟ್ಟೆ ತುಂಬಿದೆ. ಅಲ್ಲಿ ಕಾಲು ಕಾಣ್ತಿದೆಯಲ್ಲ, ಅವನು ನನ್ನ ಬಾಮೈದ. ತಪ್ಪು ಅವನದೇ. ಒಂದು ಸಾಮಾನು ಒಳಗೆ ಬಿಟ್ಟು ಮನೆಗೆ ಬಂದಿದ್ದ. ಇವತ್ತು ಯಾರೂ ಅವನನ್ನ ಹಿಡಿದಿರಲಿಲ್ಲ. ಅವನೇ ಊಟದ ತಟ್ಟೆ ಬಿಟ್ಟು ಎದ್ದು ಫೋನ್ ಮಾಡಿದ. ಸುಮ್ನಿರು ಅಂತ ಹೇಳಿದವನು ನಾನು. ನನ್ನ ಮಾತು ಕೇಳಿದ್ದಿದ್ರೆ ನಾವೆಲ್ಲ ಈಗ ಮೋಡದ ಮೇಲೆ ಇರ್ತಿದ್ವಿ. ಹೊತ್ತಿಗೆ ಸರಿಯಾಗಿ!"

ರೇಗಿದವರು ಗಾಜಿನ ಕಡೆ ತಿರುಗಿ ಆ ಕಾಲುಗಳನ್ನೇ ನೋಡುತ್ತ ನಿಂತರು.

ಆ ಕಾಲುಗಳು ಅಲ್ಲಾಡಿದವು. ಮಗ ತೆವಳಿಕೊಂಡು ಹೊರಬಂದ. ಕೈಯಲ್ಲಿ ಕನ್ನಡಕ ಇತ್ತು. "ಸಿಕ್ತು! ಸಿಕ್ತು!" ಎಂದಳು ಮೊಮ್ಮಗಳು. ಆದರೆ ಕೆಳಗೆ ನಿಂತಿದ್ದ ಮೇಲಧಿಕಾರಿ ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆ ಆಡಿಸಿದಳು. ಕಿವಿಗೆ ಸಿಕ್ಕಿಸುವ ಒಂದು ಕಡ್ಡಿ ಮುರಿದು ಬಿದ್ದಿತ್ತು. ಆ ಕಡ್ಡಿ ಎಲ್ಲಿ?

ಅವನು ಮತ್ತೆ ಒಳಗೆ ಹೋದ. ಇನ್ನೊಬ್ಬ ಟಾರ್ಚ್ ಹಿಡಿದು ಹಿಂದೆ ಹೋದ. ಈ ಸಲ ಯಾರೂ ಗಡಿಯಾರ ನೋಡಲಿಲ್ಲ. ಎಲ್ಲರೂ ಗಾಜಿನ ಹತ್ತಿರ ಬಂದು ನಿಂತಿದ್ದರು. ಕೊನೆಗೂ ಕಡ್ಡಿ ಸಿಕ್ಕಿತು. ರಾಟೆಯ ಅಡಿಯಲ್ಲೇ ಬಿದ್ದಿತ್ತು ಎಂದು ಆಮೇಲೆ ಮಗ ಹೇಳಿದ. ಅಕ್ಕ ಬಿಳಿ ಬಟ್ಟೆಯ ಮೇಲೆ ತುಂಡುಗಳನ್ನು ಜೋಡಿಸಿ, ಕನ್ನಡಕ ಪೂರ್ತಿಯಾಯಿತು ಎಂದು ಕಂಡ ಮೇಲೆಯೇ ಮುಚ್ಚಳ ಹಾಕಿಸಿದಳು. ಪೈಲಟ್ ಬಾಲದ ರೆಕ್ಕೆಯನ್ನು ಆ ಕಡೆಗೂ ಈ ಕಡೆಗೂ ತಿರುಗಿಸಿ ನೋಡಿದರು.

ನಾವು ಮೆಟ್ಟಿಲು ಹತ್ತುವಾಗ ಮಗ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದ. ರೇಗಿದವರು ಅವನ ಮುಂದೆ ನಿಂತರು. ತಮ್ಮ ನೀರಿನ ಬಾಟಲಿಯನ್ನು ಅವನ ಕೈಯಲ್ಲಿಟ್ಟು ಹತ್ತಿ ಹೋದರು.

"ಅಮ್ಮ, ಭಯ ಆಗ್ತಿದೆಯಾ?" ಎಂದ ಮಗ.

"ಆಗ್ತಿದೆ ಕಣೋ. ಆದ್ರೂ ಹತ್ತುತ್ತೀನಿ."

ನಾವು ಹೋಗಿ ಸೇರಿದ ಮೇಲೆಯೇ ಮಗಳಿಗೆ ಹೆರಿಗೆಯಾಯಿತು. ತಾಯಿ, ಮಗು ಚೆನ್ನಾಗಿದ್ದಾರೆ. ಮಗನ ಕೆಲಸ ಹೋಗಲಿಲ್ಲ. ಬಚ್ಚಿಟ್ಟದ್ದಕ್ಕೆ ಅಕ್ಕ ಚೆನ್ನಾಗಿ ಬೈದಳು. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ, ಸರಿಯಾದ ಕನ್ನಡಕ ಮಾಡಿಸಿಕೊಂಡು ಬರುವವರೆಗೆ ಅವನನ್ನು ವಿಮಾನದ ಹತ್ತಿರ ಬಿಡಲಿಲ್ಲ. ಫೋನ್ ಮಾಡಿದ್ದಕ್ಕೆ ಎಲ್ಲರೆದುರು ಅವನ ಬೆನ್ನು ತಟ್ಟಿದಳು. ಅದಾದ ಮೇಲೆ ಇನ್ನೂ ಕೆಲವರು ತಾವಾಗಿ ಬಂದು, ತಮಗೂ ಸರಿಯಾಗಿ ಕಾಣುವುದಿಲ್ಲ ಎಂದು ಹೇಳಿದರಂತೆ. ಈಗ ಅವರ ಕನ್ನಡಕಗಳನ್ನೂ ಸಾಮಾನಿನ ಜೊತೆಗೆ ಎಣಿಸುತ್ತಾರೆ.

ಓದುವವರಲ್ಲಿ, ಕೇಳುವವರಲ್ಲಿ ನನ್ನದೊಂದು ಮನವಿ. ವಿಮಾನ ತಡ ಎಂದು ಹೇಳಿದಾಗ ಸಿಟ್ಟು ಬರುವುದು ಸಹಜ. ಆದರೆ ರಿಪೇರಿಗೆ ನಿಲ್ಲಿಸಿದ್ದಾರೆ ಎಂದರೆ ಯಾರೋ ನಿಮಗೋಸ್ಕರ ಬಿಸಿಲಲ್ಲೋ ಮಳೆಯಲ್ಲೋ ಮೈ ಮಡಚಿ ಒಳಗೆ ಮಲಗಿದ್ದಾರೆ ಎಂದು ತಿಳಿಯಿರಿ. ಅವರನ್ನು ಅವಸರ ಮಾಡಬೇಡಿ. ಕೌಂಟರಿನಲ್ಲಿ ಕೂತವರ ಮೇಲೆ ಕೂಗಬೇಡಿ. ನಿಮ್ಮ ಕೈಕೆಳಗಿನವರು ತಪ್ಪಾಯಿತು ಎಂದು ತಾವಾಗಿ ಬಂದು ಹೇಳಿದರೆ ಮೊದಲು ಕೇಳಿಸಿಕೊಳ್ಳಿ, ಬೈಗುಳ ಆಮೇಲಿರಲಿ. ಮೊದಲೇ ಬೈದರೆ ಇನ್ನೊಂದು ಸಲ ಅವರು ಹೇಳುವುದಿಲ್ಲ. ಕಣ್ಣು ಮಂಜಾದರೆ ಮುಚ್ಚಿಡದೆ ತೋರಿಸಿಕೊಳ್ಳಿ.

ವಿಮಾನ ಇಳಿದ ಮೇಲೆ, ಕೈಗೆ ಎಣ್ಣೆ ಮೆತ್ತಿಕೊಂಡವರು ಯಾರಾದರೂ ಕಂಡರೆ ಒಂದು ಗಳಿಗೆ ನಿಲ್ಲಿ. "ನೀವು ನೋಡಿ ಕಳಿಸಿದ್ರಿ, ನಾವು ಬಂದು ಸೇರಿದ್ವಿ" ಎಂದು ಹೇಳಿ. ಅವರಿಗೆ ಈ ಮಾತು ಹೇಳುವವರು ಬಹಳ ಕಡಿಮೆ.