ಬಿಟ್ಟುಕೊಟ್ಟ ದನಿ

ಫೂ ಫೂ, ಹಲೋ, ಚೆಕ್ — ಪಾಸ್ಟರು ಮೈಕಿಗೆ ಊದುತ್ತಿದ್ದಾರೆ, ಕೆಳಗಿನ ಟೈರ್ ಅಂಗಡಿಯಲ್ಲಿ ನಟ್ಟು ಬಿಚ್ಚುವ ಗನ್ನು ಟರ್ರ್ ಎನ್ನುತ್ತಿದೆ, ತಲೆಯ ಮೇಲಿನ ಫ್ಯಾನು ಮೂರು ಸುತ್ತಿಗೊಮ್ಮೆ ಟಿಕ್ ಎನ್ನುತ್ತಿದೆ, ದೇವದಾನನ ಕಿವಿ ಮೂರನ್ನೂ ಬೇರೆ ಬೇರೆ ಮಡಚಿ ಎತ್ತಿಟ್ಟುಕೊಳ್ಳುತ್ತಿದೆ, ಹಾಳಾದ ಕಿವಿ, ಇದೊಂದಕ್ಕೆ ದೀಕ್ಷಾಸ್ನಾನ ಆಗಲೇ ಇಲ್ಲವೇನೋ, ತೊಟ್ಟಿಯಲ್ಲಿ ಮುಳುಗಿಸಿದಾಗ ನೀರಿನ ಗುಳುಗುಳುವನ್ನೂ ಕದ್ದುಕೊಂಡೇ ಮೇಲೆದ್ದಿತ್ತು. ಅವ್ವನನ್ನು ಮಣ್ಣು ಮಾಡಿ ಇವತ್ತಿಗೆ ಒಂಬತ್ತು ದಿನ, ಅವಳ ಹೆಸರಿನಲ್ಲಿ ಆರಾಧನೆ, ದಾಸರಹಳ್ಳಿಯ ಈ ಮಹಡಿ ಮೇಲಿನ ಮಂದಿರದಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳೂ ಭರ್ತಿ, ಹಾಡು ಮುಗಿದು ಪ್ರಾರ್ಥನೆಯಾದ ಮೇಲೆ ಅವನು ಎದ್ದು ಸಾಕ್ಷಿ ಹೇಳಬೇಕು — ಪಾಸ್ಟರು ಹೋದ ಭಾನುವಾರವೇ ಸಾರಿಬಿಟ್ಟಿದ್ದಾರೆ, ನಮ್ಮ ಬ್ರದರ್ ದೇವದಾನ ಲೋಕದ ಚಪ್ಪಾಳೆ ಬಿಟ್ಟು ಕರ್ತನನ್ನ ಮೊದಲಿಟ್ಟೋರು, ಅವರ ತಾಯಿ ಕೊನೇ ದಿನ ತಾವಾಗೇ ತಲೆ ಮೇಲೆ ಸೆರಗೆಳ್ಕೊಂಡು ಪ್ರಾರ್ಥನೆಗೆ ಸಿದ್ಧ ಆದ್ರು, ಮುಂದಿನ ವಾರ ಅವರ ಬಾಯಲ್ಲೇ ಕೇಳೋಣ. ಹೌದು, ಸೆರಗಿನ ಮಾತು ಪಾಸ್ಟರಿಗೆ ಹೇಳಿದ್ದು ಅವನೇ. ಸಮಾಧಿಯಿಂದ ಬರುವಾಗ ಆಟೋದಲ್ಲಿ, ಅತ್ತುಕೊಂಡು, ಸ್ವಲ್ಪ ಹೆಮ್ಮೆಯಿಂದಲೂ.

ಚಪ್ಪಾಳೆ ಅಂದರೆ ಎಂಥ ಚಪ್ಪಾಳೆ, ಪೀಣ್ಯದ ಆ ವಾಲ್ವ್ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಕಡಲೆಪುರಿ ಹಂಚುವ ಮೊದಲು ಇವನ ಮಿಮಿಕ್ರಿ ಆಗಲೇಬೇಕು, ಸೂಪರ್‌ವೈಸರ್ ಕಾಡಪ್ಪನ ಮೂಗಿನ ಬೈಗುಳ, ಕ್ಯಾಂಟೀನಿನ ಚಿಕ್ಕಮುನಿಯಮ್ಮನ ಸಾಂಬಾರ್ ಐತೆ ಸಾರ್ ಅನ್ನ ಇಲ್ಲ ಸಾರ್, ಕೊನೆಗೆ ಶಿಫ್ಟ್ ಮುಗಿವ ಸೈರನ್ನು, ಜನ ನಿಜಕ್ಕೂ ಎದ್ದು ಟಿಫಿನ್ ಡಬ್ಬಿ ತಗೊಂಡಿದ್ದರು! ಟೀವಿಯ ಕಾಮಿಡಿ ಕಾರ್ಯಕ್ರಮದವರು ಕರೆದರು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆಡಿಷನ್, ಆರಾಧನೆಯ ಹೊತ್ತಿಗೇ. ಅವನು ಹೋಗಲಿಲ್ಲ. ಹೋಗಲಿಲ್ಲ ಅಷ್ಟೇ ಅಲ್ಲ, ಮೊಣಕಾಲೂರಿ ಮಾತು ಕೊಟ್ಟ, ಕರ್ತನೇ, ಇನ್ನು ಈ ಬಾಯಲ್ಲಿ ಇನ್ನೊಬ್ಬರ ದನಿ ಬರುವುದಿಲ್ಲ. ಅಷ್ಟೆಲ್ಲ ನಾನೇನೂ ಕೇಳಿರಲಿಲ್ಲ ಬ್ರದರ್ ಎಂದಿದ್ದರು ಪಾಸ್ಟರು, ಪಾಪ, ನಿಜವಾಗಿಯೂ ಕೇಳಿರಲಿಲ್ಲ. ಕೊಡುವುದಾದರೆ ಪೂರಾ ಕೊಡಬೇಕು ಎಂದು ಇವನೇ ಹಟ ಹಿಡಿದ, ಕುಡಿತ ಬಿಡಿಸಿದವನಿಗೆ, ಹಾಳಾಗುತ್ತಿದ್ದ ಮನೆಯನ್ನು ನಿಲ್ಲಿಸಿಕೊಟ್ಟವನಿಗೆ ಅಷ್ಟೂ ಕೊಡದಿದ್ದರೆ ಹೇಗೆ. ಲೇ ದೇವದಾನಾ, ದೇವರು ಕೊಟ್ಟ ದಾನ ದೇವರಿಗೇ ವಾಪಸ್ ಮಾಡಿದೇನಲೇ, ಪಕ್ಕದ ಮಷೀನಿನ ಮುದಕಪ್ಪ ನಕ್ಕಿದ್ದ, ಇವನೂ ನಕ್ಕಿದ್ದ, ಆ ವರ್ಷವೆಲ್ಲ ಎದೆ ಹಗುರವಾಗಿತ್ತು, ಸುಳ್ಳಲ್ಲ.

ಆದರೆ ಅವ್ವ. ಅವ್ವ ಸುವಾರ್ತಮ್ಮ ಬೆಟಗೇರಿಯ ಹಳೇ ಮಿಷನ್ ಚರ್ಚಿನವಳು, ಅವಳ ದೇವರು ನಗುವವನು, ಚಾ ಕುಡಿಯುವವನು. ಅಪ್ಪ ಸಮಾಧಾನಪ್ಪ ಮಗ್ಗದ ಮೇಸ್ತ್ರಿ, ಮನೆಗೆ ಬಂದರೆ ಬಾಗಿಲಲ್ಲಿ ಎರಡು ಸಲ ಕೆಮ್ಮಬೇಕು, ಖಹ್ ಖಹ್, ಆಮೇಲೆ ಏ ಸುವಾರ್ತೀ, ಎಲ್ಲಿ ಅದೀಬೇ, ಚಾ ಇಟ್ಟೀಯೇನು? ಕಟ್ಟೆಯ ಮೇಲೆ ಹರಟುತ್ತ ಕೂತ ಅವ್ವ ಕೆಮ್ಮು ಕೇಳಿದ್ದೇ ಸೆರಗು ತಲೆಗೇರಿಸಿ ಎದ್ದುಬಿಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳನ್ನು ಇಲ್ಲಿಗೆ ಕರೆತಂದ, ಒಂದೂವರೆ ಕೋಣೆಯ ಮನೆ, ಸಂಜೆ ಕೆಲಸದಿಂದ ಬಂದು ಬಾಗಿಲ ಹಿಂದೆ ನಿಂತು ಅಪ್ಪನ ದನಿಯಲ್ಲೇ ಕೂಗಿದರೆ, ಸತ್ತ ಮ್ಯಾಲೂ ನಿಂಗ ಚಾನೇ ಬೇಕೇನೋ ಮಾರಾಯಾ, ನಗುತ್ತ ಕಣ್ಣೊರೆಸುತ್ತ ಒಲೆ ಹಚ್ಚುತ್ತಿದ್ದಳು. ಮಾತು ಕೊಟ್ಟ ಮೇಲೆ ಅದೂ ನಿಂತಿತು. ಮೂರ್ನಾಲ್ಕು ಸಂಜೆ ಬಾಗಿಲನ್ನೇ ನೋಡಿದಳು, ಆಮೇಲೆ ಕಾಯುವುದನ್ನೇ ಬಿಟ್ಟಳು, ಆಸ್ಪತ್ರೆಯಲ್ಲಿ ಆ ಕೊನೇ ಮಧ್ಯಾಹ್ನದ ತನಕ — ಏ ದೇವ್ಯಾ, ಒಮ್ಮಿ ಕರಿಯೋ ನಿಮ್ಮಪ್ಪನಂಗ, ಒಂದ ಸರ್ತಿ. ಬ್ಯಾಡಬೇ ಅವ್ವಾ, ಕರ್ತಗ ಮಾತು ಕೊಟ್ಟೀನಿ. ಕರ್ತಗ ನಾ ಹೇಳ್ತೀನಿ ತಗೋ, ಈಗ ಅಲ್ಲಿಗೇ ಹೊಂಟೀನಲ್ಲ.

ಹಾಡು ನಿಂತಿತು, ಪ್ರಾರ್ಥಿಸೋಣ ಎಂದರು ಪಾಸ್ಟರು, ಆಚೆ ಬದಿಯ ಹೆಂಗಸರೆಲ್ಲ ಒಟ್ಟಿಗೆ ಸೆರಗೆಳೆದುಕೊಂಡರು, ದುಪ್ಪಟ್ಟಾದವರು ದುಪ್ಪಟ್ಟಾ, ಬಟ್ಟೆಯ ಸರಸರ, ಕಣ್ಣು ಮುಚ್ಚಿದರು, ಗದ್ದ ಎದೆಗಿಳಿಯಿತು, ಹೀಗೇ, ಅವ್ವನೂ ಹೀಗೇ — ಹೀಗೆಯೇ? ಅವ್ವ ಕಣ್ಣು ಮುಚ್ಚಿರಲಿಲ್ಲ. ತಲೆ ತಗ್ಗಿಸಿರಲಿಲ್ಲ. ಸೂಜಿ ಚುಚ್ಚಿದ್ದ ಕೈಯಿಂದಲೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ದಿಂಬಿನಿಂದ ಕತ್ತೆತ್ತಿ, ಮಿನುಗುವ ಕಣ್ಣಿನಿಂದ ವಾರ್ಡಿನ ಬಾಗಿಲ ಕಡೆ ನೋಡಿದ್ದಳು, ತುಟಿಯ ಅಂಚಿನಲ್ಲಿ ನಗೆ ಬೇರೆ, ಪ್ರಾರ್ಥನೆಗೆ ಯಾರು ಬಾಗಿಲು ನೋಡುತ್ತಾರೆ. ಅದಕ್ಕೂ ಮೊದಲು ಏನಾಯಿತು, ಕಿವಿಯೇ, ನೀನು ಏನನ್ನೂ ಬಿಡುವವನಲ್ಲ, ಹೇಳು — ಪಕ್ಕದ ಮಂಚದ ಸ್ಟೀಲ್ ಲೋಟ ಬಿತ್ತು, ಟ್ರಾಲಿಯ ಚಕ್ರ ಕಿರ್ ಎಂದಿತು, ಅವನು ಬೈಬಲ್ ತೆರೆದ, ಕಾರ್ಖಾನೆಯ ಪಾಲಿಶಿಂಗ್ ಧೂಳು ಕುಡಿದ ಗಂಟಲು ಕಟ್ಟಿತ್ತು, ಸರಿಮಾಡಿಕೊಂಡ. ಎರಡು ಸಲ. ಖಹ್ ಖಹ್.

ದೇವರೇ. ಅಣಕಿಸಿದ್ದಲ್ಲ, ಬೇಕೆಂದು ಮಾಡಿದ್ದಲ್ಲ, ಅದು ಅವನದೇ ಗಂಟಲು, ಅಪ್ಪ ಕೊಟ್ಟಿದ್ದು, ಅವಳಿಗೆ ಅಷ್ಟು ಸಾಕಾಗಿತ್ತು, ಮಗ ಒಪ್ಪಿದ, ಇನ್ನು ಕರೆಯುತ್ತಾನೆ ಎಂದುಕೊಂಡು ಎದ್ದು ಕೂರುವವಳ ಹಾಗೆ ಕಾದಳು, ಒಂದೇ ಒಂದು ಮಾತು, ಸುವಾರ್ತೀ ಅಂದಿದ್ದರೆ — ಇವನು ಅಂದಿದ್ದು ಕರ್ತನೇಏಏ, ಕೊನೆಯನ್ನು ಮೇಲಕ್ಕೆಳೆದು, ಅದೂ ಯಾರ ದನಿ, ಈಗ ಇಲ್ಲಿ ಮೈಕಿನಲ್ಲಿ ಬರುತ್ತಿರುವ ಇದೇ ದನಿ, ಪಾಸ್ಟರದು, ಏರಿಳಿತ ಸಮೇತ. ಇನ್ನೊಬ್ಬರ ದನಿ ಬರುವುದಿಲ್ಲ ಎಂದ ಬಾಯಿ! ಅವ್ವ ಪೂರ್ತಿ ಕೇಳಿದಳು, ಆಮೆನ್ ತನಕ. ಬನ್ನಿ ಬ್ರದರ್, ಸಾಕ್ಷಿ ಹೇಳಿ, ಪ್ರೈಸ್ ದ ಲಾರ್ಡ್ — ಕಾಲು ನಡೆಯುತ್ತಿದೆ, ಮೈಕು ಕೈಗೆ ಬಂತು, ಸೆರಗು ಹೊದ್ದ ಅಷ್ಟೂ ತಲೆಗಳು ಇವನತ್ತ ತಿರುಗಿವೆ, ಗಂಟಲು ಕಟ್ಟಿದೆ, ಸರಿಮಾಡಿಕೊಳ್ಳಲು ಹೆದರಿಕೆ, ಹೇಳಿ ಬ್ರದರ್, ತಾಯಿಯವರು ಸೆರಗೆಳ್ಕೊಂಡ್ರು, ಆಮೇಲೆ? ಆಮೇಲೆ ಆಮೆನ್. ಆಮೇಲೆ ಅವ್ವನ ಕೈ, ಟೇಪು ಅಂಟಿಸಿದ ಆ ಕೈ, ಮೆಲ್ಲಗೆ ಮೇಲೆದ್ದು, ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿತು, ಕೆಮ್ಮಿ ಬಂದದ್ದು ಅಪ್ಪ ಅಲ್ಲವೆಂದು ತಿಳಿದಾಗ ಸರಿಸುವ ಹಾಗೆ, ಸರಿಸಿತು, ಆ ಕೈ